ಮೊದಲೇ ಗೊತ್ತಿದ್ದ ಮಳೆ

ನನ್ನ ಮೊಬೈಲಿನೊಳಗೆ ಮಳೆಯ ನಕ್ಷೆ ಬಂದು ಕೂತದ್ದು ಮೊಣಕಾಲಿನ ದೆಸೆಯಿಂದ. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಮೆಟ್ಟಲಾ ಹತ್ತೂದು ಕಡಿಮಿ ಮಾಡ್ರಿ" ಅಂದರು. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮಾಳಿಗೆಗೆ ಇಪ್ಪತ್ತೆರಡು ಮೆಟ್ಟಿಲು. ಬಳ್ಳಾರಿಯ ಬೇಸಿಗೆಯಲ್ಲಿ ನನ್ನಂಥವಳಿಗೆ ಮಾಳಿಗೆ ಹತ್ತಬೇಡ ಅನ್ನುವುದೂ ಒಂದೇ, ಉಸಿರಾಡಬೇಡ ಅನ್ನುವುದೂ ಒಂದೇ. ಶಿವರಾತ್ರಿ ಕಳೆದ ಮರುದಿನದಿಂದ ನನ್ನ ಸಂಸಾರವೆಲ್ಲ ಅಲ್ಲೇ ಮೇಲೆ. ಅಕ್ಕಿ ಹಪ್ಪಳ, ಅರಳು ಸಂಡಿಗೆ, ಶಾವಿಗೆ, ಬಾಳಕದ ಮೆಣಸಿನಕಾಯಿ. ಇವನ್ನು ಹರವಬೇಕು, ಮಗುಚಬೇಕು, ಮೋಡ ಕಂಡರೆ ಎತ್ತಬೇಕು. ಎತ್ತಿದ ಮೇಲೆ ಮಳೆ ಬಾರದಿದ್ದರೆ ಬೈಯುತ್ತ ಮತ್ತೆ ಹರವಬೇಕು.

ಆಗ ಮಗ ನನ್ನ ಫೋನಿಗೆ ಹವಾಮಾನದ ಆ್ಯಪ್ ಹಾಕಿಕೊಟ್ಟ. ಇದರಲ್ಲಿ ಮಳೆ ಎಲ್ಲಿದೆ ಎಂದು ಕೂತಲ್ಲೇ ಕಾಣುತ್ತದೆ, ಸುಮ್ಮಸುಮ್ಮನೆ ಮೇಲೆ ಕೆಳಗೆ ಓಡಾಡಬೇಡ ಎಂದ. ನಕ್ಷೆಯಲ್ಲಿ ಬಳ್ಳಾರಿ, ಅದರ ಮೇಲೆ ಕುರುಗೋಡು, ಇನ್ನೂ ಮೇಲೆ ಸಿರುಗುಪ್ಪ. ಮಳೆ ಇದ್ದಲ್ಲಿ ಹಸಿರು ಬಣ್ಣ, ಜೋರಾಗಿದ್ದರೆ ಹಳದಿ, ಆರ್ಭಟವಾಗಿದ್ದರೆ ಕೆಂಪು. ಕೆಳಗಿನ ಗುಂಡಿ ಒತ್ತಿದರೆ ಕಳೆದ ಒಂದು ತಾಸಿನ ಮೋಡವೆಲ್ಲ ಇರುವೆ ಸಾಲಿನ ಹಾಗೆ ಹರಿದು ಬರುತ್ತಿತ್ತು. ಮೊದಲ ದಿನ ಅದನ್ನು ಎಷ್ಟು ಸಲ ಒತ್ತಿದೆನೋ, ಹಾಲು ಉಕ್ಕಿ ಒಲೆ ಆರಿತು.

ಇನ್ನು ಆಪಾ ಅವರ ವಿಷಯ. ಪಕ್ಕದ ಮನೆಯವರು. ನಾನು ಅವರನ್ನು ಆಪಾ ಅನ್ನುತ್ತೇನೆ, ಅವರು ನನ್ನನ್ನು ಅಕ್ಕಾ ಅನ್ನುತ್ತಾರೆ. ನಮ್ಮಿಬ್ಬರಲ್ಲಿ ದೊಡ್ಡವರು ಯಾರೆಂದು ಮೂವತ್ತು ವರ್ಷದಲ್ಲಿ ತೀರ್ಮಾನವಾಗಿಲ್ಲ, ಆಗುವುದು ಇಬ್ಬರಿಗೂ ಬೇಕಿರಲಿಲ್ಲ. ಅವರದು ಹತ್ತಿ ಹಿಂಜುವ ಮನೆತನ. ಯಜಮಾನರು ಇರುವಾಗ ಅವರ ಮನೆಯಂಗಳದಲ್ಲಿ ಆಳೆತ್ತರದ ಬಿಲ್ಲು ತೂಗುತ್ತಿತ್ತು. ಅದರ ತಂತಿಯನ್ನು ಮಿಡಿದು ಮಿಡಿದು ಅವರು ಹತ್ತಿಯನ್ನು ಅರಳಿಸುತ್ತಿದ್ದರೆ ಆ ಟಂಯ್ ಟಂಯ್ ಸದ್ದಿಗೆ ನನ್ನ ಮಗ ತೊಟ್ಟಿಲಲ್ಲಿ ನಿದ್ದೆ ಹೋಗುತ್ತಿದ್ದ. ಆಮೇಲೆ ಊರಿಗೆ ಹಿಂಜುವ ಮಿಷನ್ ಬಂತು. ಯಜಮಾನರು ತೀರಿಕೊಂಡರು. ಬಿಲ್ಲು ಅಟ್ಟಕ್ಕೆ ಹೋಯಿತು. ಆಪಾ ಗಾದಿ, ದಿಂಬು, ಕೌದಿ ಹೊಲಿಯುವುದನ್ನು ಮಾತ್ರ ಬಿಡಲಿಲ್ಲ.

ನಮ್ಮ ಓಣಿಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ, ನಡುವೆ ಮೊಣಕಾಲುದ್ದದ ಗೋಡೆ. ನಾನು ಮದುವೆಯಾಗಿ ಬರುವ ಮೊದಲಿನಿಂದಲೂ ಅಲ್ಲಿ ಒಂದು ಪದ್ಧತಿ ಇತ್ತು. ಕುರುಗೋಡಿನ ಕಡೆ ಆಕಾಶ ಕಪ್ಪಾದರೆ ಮಳೆ ನಮ್ಮ ಪೇಟೆಗೆ ಬರಲು ಇನ್ನು ಸ್ವಲ್ಪ ಹೊತ್ತು ಮಾತ್ರ ಎಂದು ಲೆಕ್ಕ. ಆ ಕಪ್ಪು ಯಾರ ಕಣ್ಣಿಗೆ ಮೊದಲು ಬೀಳುತ್ತದೋ ಅವರು "ಮೋಡ ಬಂತ್ರವ್ವಾ, ಮೋಡ" ಎಂದು ಕೂಗಬೇಕು. ಕೂಗುವುದಷ್ಟೇ ಅಲ್ಲ, ಮೇಲೆ ಬರಲಾಗದವರ ಸಾಮಾನನ್ನೂ ಗೋಡೆ ದಾಟಿ ಹೋಗಿ ಎತ್ತಬೇಕು. ಇದಕ್ಕೆ ಕೇಳುವುದು ಇಲ್ಲ, ಹೇಳುವುದು ಇಲ್ಲ, ಉಪಕಾರವಾಯಿತು ಅನ್ನುವುದಂತೂ ಇಲ್ಲವೇ ಇಲ್ಲ. ನನ್ನ ಹಪ್ಪಳದ ಚಾಪೆ ಅವರ ಮನೆಯಲ್ಲಿ, ಅವರ ಕೌದಿ ನಮ್ಮ ಮನೆಯ ಮೆಟ್ಟಿಲ ಕೆಳಗೆ. ಸಂಡಿಗೆ ಹಾಕುವ ನನ್ನ ಒಂದು ಹಳೆಯ ಸೀರೆ ಆಪಾ ಮನೆಯಲ್ಲಿ ಮೂರು ಬೇಸಿಗೆ ಕಳೆದು, ಕೊನೆಗೆ ಯಾರದೋ ಕೌದಿಯ ಒಳಪದರವಾಗಿ ಹೋಯಿತು. ಈ ಕೂಗುವ ಕೆಲಸ ಹೆಚ್ಚಾಗಿ ಆಪಾ ಪಾಲಿಗೇ ಬರುತ್ತಿತ್ತು. ಹೊಲಿಗೆ ಹಿಡಿದುಕೊಂಡು ಮಾಳಿಗೆಯ ನೆರಳಲ್ಲಿ ಕೂರುವ ಅಭ್ಯಾಸ ಅವರಿಗೆ.

ಫೋನು ಬಂದ ಮೇಲೆ ಓಣಿಯ ಹೆಂಗಸರು ಆಕಾಶ ನೋಡುವ ಮೊದಲು ನನ್ನ ಮುಖ ನೋಡತೊಡಗಿದರು. "ನಿಮ್ಮ ಮೊಬೈಲ್ ಏನಂತೈತ್ರಿ?" ಎಂದು ಬಾಗಿಲಿಗೆ ಬಂದು ಕೇಳುವರು. ಶೇಕಡಾ ಮೂವತ್ತು ಅಂದರೆ, "ಮೂವತ್ತು ಅಂದ್ರ ಬರತೈತೋ ಇಲ್ಲೋ? ಶಾವಿಗಿ ಹಾಕ್ಲೋ ಬ್ಯಾಡೋ?" ಅನ್ನುವರು. ಆ ಮೂವತ್ತರ ಅರ್ಥ ನನಗಾದರೂ ಎಲ್ಲಿ ಗೊತ್ತಿತ್ತು? ನಲವತ್ತರೊಳಗೆ ಇದ್ದರೆ ಹರವಬಹುದು, ಮೇಲಿದ್ದರೆ ಕೂಡದು ಎಂದು ನಾನೇ ಒಂದು ಕಾನೂನು ಮಾಡಿ ಗಂಭೀರವಾಗಿ ಹೇಳಿಬಿಟ್ಟೆ. ಕಂಟೋನ್ಮೆಂಟಿನಲ್ಲಿ ಧೋ ಎಂದು ಸುರಿದು ನಮ್ಮ ಪೇಟೆಯಲ್ಲಿ ಒಂದು ಹನಿಯೂ ಬೀಳದ ದಿನಗಳುಂಟು. ಫೋನಿಗೆ ಎರಡೂ ಬಳ್ಳಾರಿಯೇ. ಅಂಥ ದಿನಗಳನ್ನು ನಾನು ಯಾರಿಗೂ ನೆನಪಿಸುತ್ತಿರಲಿಲ್ಲ. ಐವತ್ತೆಂಟರ ವಯಸ್ಸಿನಲ್ಲಿ ಮೊದಲ ಸಲ ನಾಲ್ಕು ಜನ ನನ್ನ ಮಾತಿಗೆ ಕಾಯುತ್ತಿದ್ದರು. ಆ ರುಚಿ ನನ್ನ ನಾಲಿಗೆಗೆ ಹತ್ತಿತ್ತು.

ಆಪಾ ಮಾತ್ರ ಕೇಳಲು ಬರುತ್ತಿರಲಿಲ್ಲ. ಅವರು ಮೊದಲಿನ ಹಾಗೆ ಕುರುಗೋಡಿನ ಕಡೆ ಕಣ್ಣಿಟ್ಟು ಕೂರುತ್ತಿದ್ದರು. ಅದು ನನ್ನನ್ನು ಒಳಗೊಳಗೇ ಚುಚ್ಚುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಮಧ್ಯಾಹ್ನ ನಾನು ಸಂಡಿಗೆ ಹಾಕಿ ಕೆಳಗೆ ಬಂದು ಮಲಗಿದ್ದೆ. ಮೇಲಿನಿಂದ ಕೂಗು ಕೇಳಿಸಿತು. ಫೋನು ತೆಗೆದು ನೋಡಿದೆ. ನಕ್ಷೆ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ಮಗ್ಗುಲು ಬದಲಿಸಿದೆ. ಇನ್ನೆರಡು ಸಲ ಕೂಗಿದ ಆಪಾ, ನಾನು ಬಾರದಿದ್ದುದನ್ನು ನೋಡಿ ತಾವೇ ಗೋಡೆ ದಾಟಿ ಬಂದು, ಅರ್ಧ ಒಣಗಿದ ಸಂಡಿಗೆಯನ್ನು ಸೀರೆಯ ಸಮೇತ ಸುತ್ತಿ ಮೆಟ್ಟಿಲ ಬಾಯಿಗೆ ತಂದಿಟ್ಟರು. ಅವತ್ತು ಗಾಳಿ ಬಂತು, ಧೂಳು ಬಂತು, ಮಳೆ ಬರಲಿಲ್ಲ. ನಾನು ಸೀರೆ ಬಿಚ್ಚಿದಾಗ ಸಂಡಿಗೆಯೆಲ್ಲ ಅಂಟಿಕೊಂಡು ಒಂದೇ ಮುದ್ದೆಯಾಗಿತ್ತು.

ನಾನು ಮೊಣಕಾಲು ಮರೆತು ಇಪ್ಪತ್ತೆರಡು ಮೆಟ್ಟಿಲನ್ನೂ ಹತ್ತಿದೆ. ಸುತ್ತಲಿನ ಮಾಳಿಗೆಗಳಲ್ಲಿ ಮೂರ್ನಾಲ್ಕು ಜನ ಇದ್ದರು. ಇರಲಿ ಎಂದೇ ದನಿ ಎತ್ತಿದೆ.

"ಆಪಾ, ನನಗ ಮೊಬೈಲ್ ಹೇಳತೈತಿ. ಇನ್ಮ್ಯಾಲೆ ನೀವು ನನ್ನ ಸಾಮಾನು ಮುಟ್ಟಬ್ಯಾಡ್ರಿ."

ಅವರು ಕೌದಿಯ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಕಣ್ಣಿಗೆ ಕಂಡದ್ದು ಹೇಳೀನಿ ಅಕ್ಕಾ," ಅಂದರು. "ಆತು ಬಿಡ್ರಿ. ಇನ್ ಮುಟ್ಟಂಗಿಲ್ಲ."

ಅವತ್ತಿನಿಂದ ಕೂಗು ನಿಂತಿತು. ನಮ್ಮ ಮಾತುಕತೆ ನಿಂತಿತೆಂದಲ್ಲ. ಕರಿಬೇವು ಅವರ ಮನೆಯಿಂದ ಬರುತ್ತಿತ್ತು, ನಮ್ಮ ಮನೆಯಿಂದ ಹುಳಿ ಹೋಗುತ್ತಿತ್ತು. ಆದರೆ ಮೋಡ ಬಂದಾಗ ಅವರು ತಮ್ಮ ಸಾಮಾನು ಎತ್ತಿಕೊಂಡು ಸದ್ದಿಲ್ಲದೆ ಕೆಳಗಿಳಿಯುತ್ತಿದ್ದರು. ಓಣಿಯ ಉಳಿದವರೂ ನನ್ನನ್ನು ನೋಡಿ ತಮ್ಮ ತಮ್ಮ ಮಕ್ಕಳಿಂದ ತಮ್ಮ ತಮ್ಮ ಫೋನಿಗೆ ಅದೇ ಆ್ಯಪ್ ಹಾಕಿಸಿಕೊಂಡಿದ್ದರು. ಯಾರ ಮಳೆ ಅವರಿಗೆ ಎಂಬಂತಾಯಿತು. ಅದು ಸುಧಾರಣೆ ಎಂದೇ ನಾನು ತಿಳಿದಿದ್ದೆ.

ಯುಗಾದಿ ಕಳೆದು ಸುಮಾರು ದಿನ ಆಗಿತ್ತು. ಸಿರುಗುಪ್ಪದಲ್ಲಿ ನನ್ನ ತಂಗಿಯ ಮನೆ. ಹಪ್ಪಳ ಸಂಡಿಗೆಗೆ ಬೇಕಾದ ಅಕ್ಕಿ, ನುಚ್ಚು ಪ್ರತಿ ವರ್ಷ ಅಲ್ಲಿಂದಲೇ ತರುವುದು. ಬೆಳಗಿನ ಬಸ್ಸು ಹಿಡಿಯಬೇಕೆಂದು ಎದ್ದು, ಹೋಗುವ ಮುಂಚೆ ಹಪ್ಪಳದ ಚಾಪೆ ಬಿಡಿಸಲು ಮೇಲೆ ಹೋದರೆ ಆಪಾ ಆಗಲೇ ಅಲ್ಲಿದ್ದರು. ಕಾಲ ಬಳಿ ಒಂದು ಹಳೆಯ ಗಾದಿ. ಅದರ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದರು.

ಆ ಗಾದಿ ನನಗೆ ಗೊತ್ತಿತ್ತು. ಅದು ಅವರ ಯಜಮಾನರು ಕೊನೆಯದಾಗಿ ತಮ್ಮ ಕೈಯಿಂದ ಹಿಂಜಿ ತುಂಬಿದ ಹತ್ತಿ. ಆಪಾ ಇಷ್ಟು ವರ್ಷ ಅದನ್ನು ಬಿಚ್ಚಿರಲಿಲ್ಲ, ಮಿಷನ್ನಿಗೂ ಕೊಟ್ಟಿರಲಿಲ್ಲ. ಈಗ ಅವರ ಮೊಮ್ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮನೆಯ ಹಿರಿಯರ ಗಾದಿಯಿಂದ ಒಂದು ಪಾಲು ಹತ್ತಿ ತೆಗೆದು ಹುಟ್ಟುವ ಕೂಸಿಗೆ ಸಣ್ಣ ಗಾದಿ ಹೊಲಿಯುವುದು ಅವರ ಮನೆಯ ಪದ್ಧತಿ. ಅದಕ್ಕೆ ಮೊದಲು ಹತ್ತಿಗೆ ಒಂದು ಇಡೀ ದಿನ ಬಿಸಿಲು ಕಾಣಿಸಬೇಕು.

ಆಪಾ ನನ್ನನ್ನು ನೋಡಿ ಕೆಲಸ ನಿಲ್ಲಿಸಿದರು. ಬ್ಲೇಡನ್ನು ಬದಿಗಿಟ್ಟು ಕೇಳಿದರು.

"ಅಕ್ಕಾ, ಇವತ್ತು ಮಳಿ ಏನಾರ ಐತೇನು? ನಿಮ್ಮ ಮೊಬೈಲ್‌ನ್ಯಾಗ ಒಂದೀಟು ನೋಡ್ರಿ."

ಮೊದಲ ಸಲ ಅವರು ಕೇಳಿದ್ದು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಹೇಳಲು ನಾಚಿಕೆಯಾಗುತ್ತದೆ. ಕನ್ನಡಕ ಹಾಕಿಕೊಂಡು, ಬೇಕೆಂದೇ ನಿಧಾನ ಮಾಡಿ, ತಾಸು ತಾಸಿನದೂ ನೋಡಿದೆ. ಎಲ್ಲ ತಾಸಿಗೂ ಸೂರ್ಯನ ಚಿತ್ರ.

"ಏನಿಲ್ಲ ಆಪಾ. ನಿಶ್ಚಿಂತಿ ಹರವ್ರಿ."

"ನೀವು ಹೇಳಿದ್ರ ಆತು," ಎಂದು ಅವರು ಹತ್ತಿಯನ್ನು ಬಿಡಿಸಿ ಹರವತೊಡಗಿದರು. ನಾನು ಚೀಲ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಹೊರಟೆ.

ಸಿರುಗುಪ್ಪದಲ್ಲಿ ಊಟ ಮುಗಿಸಿ ತಂಗಿಯ ಮನೆಯ ಪಡಸಾಲೆಯಲ್ಲಿ ಕೂತಿದ್ದೆವು. ಅಲ್ಲಿ ಕಾಲುವೆ ನೀರಿನ ಎರಡನೇ ಬೆಳೆ ಕಟಾವಾಗುತ್ತಿದ್ದ ಸಮಯ. ರಸ್ತೆಯ ಅರ್ಧ ಭಾಗದುದ್ದಕ್ಕೂ ಭತ್ತ ಹರವಿದ್ದರು. ಸೆಕೆ ಎಂದರೆ ಬೆವರೂ ಬಿಸಿಯಾಗಿತ್ತು. ತಂಗಿಯ ಗಂಡ, ಅವನ ತಮ್ಮ, ಅಕ್ಕಪಕ್ಕದ ಇಬ್ಬರು, ಎಲ್ಲರಿಗೂ ಮಳೆಯದೇ ಮಾತು. ಇನ್ನು ನನ್ನನ್ನು ಹಿಡಿಯುವವರು ಯಾರು? ಫೋನು ತೆಗೆದು ನಕ್ಷೆ ತೋರಿಸಿದೆ. ನಾನೂ ಅದನ್ನು ನೋಡಿದ್ದು ಆಗಷ್ಟೇ. ಪಶ್ಚಿಮದ ಕಡೆಯಿಂದ ಒಂದು ಕೆಂಪು ಗಡ್ಡೆ ಎದ್ದು ಬಂದಿತ್ತು. ಗುಂಡಿ ಒತ್ತಿದೆ. ಅದು ನಮ್ಮನ್ನು ಬಿಟ್ಟು ಕೆಳಗಡೆ ಜರುಗುತ್ತ ಕುರುಗೋಡಿನ ಮೇಲೆ ಬಂದು ನಿಂತಿತು.

"ಇಲ್ಲಿಗೆ ಬರಂಗಿಲ್ಲ, ನಿಮ್ಮ ಭತ್ತಕ್ಕೇನೂ ಆಗಂಗಿಲ್ಲ," ಎಂದೆ. "ಇದು ಬಳ್ಳಾರಿಗೆ ಹೊಂಟೈತಿ. ಇನ್ನ ಇಪ್ಪತ್ತು ನಿಮಿಷ."

"ಕುಂತಲ್ಲೇ ಎಲ್ಲಾ ಹೇಳತಾಳ ನೋಡ್ರಿ ನಮ್ಮಕ್ಕ," ಎಂದಳು ತಂಗಿ.

ನಾನು ಅವರೆದುರಿಗೇ ಸೊಸೆಗೆ ಫೋನು ಹಚ್ಚಿ ಹಪ್ಪಳ ಎತ್ತಲು ಹೇಳಿದೆ. ಅವಳು ನಮ್ಮ ಮನೆಗೆ ಬಂದು ಇನ್ನೂ ವರ್ಷ ಆಗಿರಲಿಲ್ಲ. ಫೋನು ಕಿವಿಗಿಟ್ಟುಕೊಂಡೇ ಮೆಟ್ಟಿಲು ಹತ್ತಿದ ಸದ್ದು ಕೇಳಿಸಿತು.

"ಎತ್ತಾಕತ್ತೀನಿ ಅತ್ತಿ. ಇಲ್ಲಿ ಇನ್ನೂ ಬಿಸಲೈತಿ. ಪಕ್ಕದ ಮನ್ಯಾಗ ಹತ್ತಿ ಹರವ್ಯಾರ. ಅವರ ಮನಿ ಕೀಲಿ ಹಾಕೇತಿ, ಎಲ್ಲಿ ಹೋಗ್ಯಾರೋ ಏನೋ. ಅದನ್ನೂ ಎತ್ತಲೇನು?"

ನಾನು ಉತ್ತರ ಕೊಡಲು ತಡ ಮಾಡಿದೆ. ಆ ಮೂರ್ನಾಲ್ಕು ಕ್ಷಣದಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು ಎಂಬುದು ಇವತ್ತಿಗೂ ನನಗೆ ಒಂದೊಂದಾಗಿ ನೆನಪಿದೆ. ಅವರ ಸಾಮಾನು ಎತ್ತಿದರೆ, ಬೆಳಿಗ್ಗೆ ನಾನು ಹೇಳಿದ್ದು ತಪ್ಪಾಯಿತೆಂದು ಒಪ್ಪಿದ ಹಾಗೆ. ನನ್ನ ಸಾಮಾನು ಮುಟ್ಟಬೇಡಿ ಎಂದವಳು ಅವರದನ್ನು ಮುಟ್ಟಿದ ಹಾಗೆ. ಇದಿಷ್ಟೂ ಈ ಜನರ ಎದುರಿಗೆ, ಕೂತಲ್ಲೇ ಎಲ್ಲ ಹೇಳುತ್ತಾಳೆ ಎಂದು ಈಗಷ್ಟೇ ಅನ್ನಿಸಿಕೊಂಡು. ಫೋನಾದರೆ ಬೆಳಗಿನ ಸೂರ್ಯನನ್ನು ಅಳಿಸಿ ಅಲ್ಲಿ ಸಿಡಿಲಿನ ಚಿತ್ರ ಹಾಕಿಕೊಂಡಿತ್ತು, ಯಾವ ಸಂಕೋಚವೂ ಇಲ್ಲದೆ. ನನ್ನಿಂದ ಅಷ್ಟಾಗಲಿಲ್ಲ.

"ಬ್ಯಾಡ," ಎಂದೆ. "ಅವರ ಸಾಮಾನು ನಾವು ಮುಟ್ಟೂದು ಬ್ಯಾಡ. ನಮ್ಮದಷ್ಟ ಎತ್ತು."

ಆಪಾ ನಂಬರು ನನ್ನ ಫೋನಿನಲ್ಲಿತ್ತು. ಎರಡನೆಯ ಹೆಸರೇ ಅವರದು. ಅವರು ಎಲ್ಲಾದರೂ ಹತ್ತಿರದಲ್ಲೇ ಇದ್ದಾರು, ತಾವೇ ಮೋಡ ನೋಡಿ ಓಡಿ ಬಂದಾರು, ಅವರಿಗೇನು ಕಣ್ಣಿಲ್ಲವೇ ಎಂದುಕೊಂಡೆ. ಆಮೇಲೆ ತಂಗಿ ಚಹಾ ತಂದಳು. ಕೆಂಪು ಗಡ್ಡೆ ಬಳ್ಳಾರಿ ಎಂಬ ಅಕ್ಷರಗಳನ್ನು ಮುಚ್ಚುವುದನ್ನು ನಾನು ಚಹಾ ಕುಡಿಯುತ್ತ ನೋಡಿದೆ.

ಹಿಂತಿರುಗುವ ಬಸ್ಸು ಕುರುಗೋಡಿನ ಮೇಲೆ ಹಾದು ಬಂತು. ಗುಡ್ಡದ ಬಂಡೆಗಳೆಲ್ಲ ನೆನೆದು ಕಪ್ಪಗೆ ಹೊಳೆಯುತ್ತಿದ್ದವು. ಕಂಡಕ್ಟರು ಕಿಟಕಿಯಿಂದ ಕೈ ಹೊರಗೆ ಹಾಕಿ, "ಭಾರಿ ಮಳಿ ಆಗೇತ್ರಿ ಈ ಕಡಿ," ಎಂದ. ಅಲ್ಲಿಂದ ಬಳ್ಳಾರಿಯವರೆಗೆ ನಾನು ಫೋನು ತೆಗೆಯಲಿಲ್ಲ.

ಸಂಜೆ ಮನೆಗೆ ಬಂದಾಗ ಸೊಸೆ ಹಪ್ಪಳವನ್ನು ಡಬ್ಬಿಗೆ ತುಂಬುತ್ತಿದ್ದಳು, ಒಂದೂ ಒದ್ದೆಯಾಗಿರಲಿಲ್ಲ. ನಾನು ಕೈಕಾಲು ತೊಳೆಯದೆ ಮೇಲೆ ಹೋದೆ. ಆಪಾ ಅವರ ಮಾಳಿಗೆಯ ಮೇಲೆ ಹರವಿದ್ದ ಹತ್ತಿಯೆಲ್ಲ ನೀರು ಕುಡಿದು ಬೂದಿ ಬಣ್ಣದ ಗಂಟುಗಳಾಗಿ ಬಿದ್ದಿತ್ತು. ಒಂದಿಷ್ಟು ಮಳೆನೀರು ಹೋಗುವ ತೂತಿಗೆ ಸಿಕ್ಕಿ, ಅಲ್ಲಿ ನೀರು ಕಟ್ಟಿ, ಅದರಲ್ಲಿ ಇನ್ನಷ್ಟು ತೇಲುತ್ತಿತ್ತು. ಗಾಳಿಗೆ ಹಾರಿದ್ದು ನಮ್ಮ ಗೋಡೆಗೂ ಅಂಟಿಕೊಂಡಿತ್ತು. ನಾನು ಅದನ್ನು ಬಿಡಿಸಿ ಬಿಡಿಸಿ ಅವರ ಕಡೆ ಇಟ್ಟೆ. ಅಷ್ಟು ಬಿಟ್ಟು ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಕತ್ತಲಾಗುವ ಹೊತ್ತಿಗೆ ಆಪಾ ಬಂದರು. ಬಂದದ್ದು ನೇರ ನಮ್ಮ ಮನೆಗೆ, ಕೈಯಲ್ಲಿ ಪೇಡೆಯ ಡಬ್ಬಿ. ಬೆಳಿಗ್ಗೆ ನಾನು ಹೋದ ಸ್ವಲ್ಪ ಹೊತ್ತಿಗೇ ಮೊಮ್ಮಗಳಿಗೆ ನೋವು ಶುರುವಾಗಿ, ಇದ್ದ ಸೀರೆಯಲ್ಲೇ ಆಟೋ ಹತ್ತಿ ಆಸ್ಪತ್ರೆಗೆ ಹೋಗಿದ್ದರಂತೆ. ಹೆಣ್ಣು ಕೂಸು, ತಾಯಿ ಮಗು ಇಬ್ಬರೂ ಆರಾಮ. ಮೊದಲ ಪೇಡೆ ನನ್ನ ಕೈಗೇ ಇಟ್ಟರು.

"ಆಸ್ಪತ್ರಿ ಕಿಟಕ್ಯಾಗ ಮಳಿ ನೋಡಿದ್ನಿ," ಅಂದರು. "ಹತ್ತಿ ನೆನಪಾತು. ಆದ್ರ ನೀವು ಇಲ್ಲ ಅಂದಿದ್ರಲ್ಲ, ಈ ಕಡಿ ಬಂದಿರಂಗಿಲ್ಲ ಅನ್ಕೊಂಡ್ನಿ."

ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನಗೆ ಅವಳ ಕಡೆ ನೋಡುವ ಧೈರ್ಯವಾಗಲಿಲ್ಲ.

"ಮೊಬೈಲ್‌ನ್ಯಾಗ ತೋರಿಸಲಿಲ್ಲ ಆಪಾ," ಎಂದೆ. "ನಾನು ಸಿರುಗುಪ್ಪದಾಗ ಇದ್ನಿ. ಗೊತ್ತ ಆಗಲಿಲ್ಲ."

ಬಾಯಲ್ಲಿ ಅವರದೇ ಪೇಡೆ ಇಟ್ಟುಕೊಂಡು ಆಡಿದ ಮಾತು ಅದು.

ಅವರು ಮೇಲೆ ಹೋಗಿ ನೋಡಿ ಬಂದರು. ಅತ್ತರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಜೊತೆಗೆ ಹೋಗಲಿಲ್ಲ. ಕೆಳಗೆ ಬಂದಾಗ ಸೆರಗು ಒದ್ದೆಯಾಗಿತ್ತು, ಮಡಿಲಲ್ಲಿ ಒಂದು ಹಿಡಿ ಹತ್ತಿ. "ನಮ್ಮ ಮನಿಯವರು ಹಿಂಜಿದ ಹತ್ತಿ ಇದು. ಇನ್ನ ಮಿಷನ್ನಿಗೇ ಹಾಕಬೇಕು," ಅಂದರು. ಆಮೇಲೆ ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಿದರು. "ನೀವ್ಯಾಕ ಮಾರಿ ಸಣ್ಣದು ಮಾಡಿಕೊಂತೀರಿ ಅಕ್ಕಾ? ಅದು ತೋರಿಸದಿದ್ರ ನೀವೇನ್ ಮಾಡತೀರಿ ಪಾಪ."

ಹತ್ತಿ ಒಣಗಲು ಮೂರು ದಿನ ಹಿಡಿಯಿತು. ಗಂಟು ಬಿಡಲಿಲ್ಲ. ಮಿಷನ್ನಿಗೆ ಹಾಕಿಸಿ ತಂದರು. ಅಲ್ಲಿ ಎಲ್ಲರ ಹತ್ತಿಯೂ ಒಂದೇ ಬಾಯಲ್ಲಿ ಹೋಗಿ ಒಂದೇ ಬಾಯಲ್ಲಿ ಬರುತ್ತದೆ. ತೂಕ ಸರಿಯಿತ್ತು, ಬೆಳ್ಳಗೂ ಇತ್ತು. ಅದರಲ್ಲಿ ತಮ್ಮದು ಎಷ್ಟು, ಬೇರೆಯವರದು ಎಷ್ಟು ಎಂದು ಆಪಾಗೆ ತಿಳಿಯಲಿಲ್ಲ. ಕೂಸಿನ ಗಾದಿಯನ್ನು ಅದರಿಂದಲೇ ಹೊಲಿದರು. ಹೊಲಿಯುತ್ತ ಹೊಲಿಯುತ್ತ ನಡುವೆ ಹತ್ತಿಯನ್ನು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. ನಾನು ಗೋಡೆಯ ಈಚೆ ಹಪ್ಪಳ ಮಗುಚುತ್ತಿದ್ದೆ.

ಅದಕ್ಕಿಂತ ದೊಡ್ಡ ಶಿಕ್ಷೆ ಅವರು ಮತ್ತೆ ಕೂಗತೊಡಗಿದ್ದು. ಮೊಬೈಲು ಕೈಕೊಟ್ಟಿತೆಂದು ನಾನು ಹೇಳಿದ ಸುಳ್ಳನ್ನು ಅವರು ಪೂರ್ತಿ ನಂಬಿದ್ದರು. "ಆ ಮಿಷನ್ ನಂಬಿ ಕೂಡಬ್ಯಾಡ್ರಿ ಅಕ್ಕಾ, ನಾ ಅದೀನಿ," ಎಂದು ಮೋಡ ಕಂಡಾಗಲೆಲ್ಲ ಕೂಗುವರು. ಮುಟ್ಟಬೇಡಿ ಎಂದಿದ್ದನ್ನು ಮರೆತು, ಅಥವಾ ಮರೆತ ಹಾಗೆ ಮಾಡಿ, ಗೋಡೆ ದಾಟಿ ಬಂದು ಎತ್ತುವರು. ನಾನು ಕೆಳಗೆ ಕೂತು ಕೆಂಪು ಹಳದಿ ಎಲ್ಲ ನೋಡಿ ಮುಗಿಸಿದವಳು, "ಹೌದೇನ್ರಿ ಆಪಾ? ಗೊತ್ತ ಆಗಲಿಲ್ಲ ನೋಡ್ರಿ," ಅನ್ನುವೆ.

ಮುಂದಿನ ವರ್ಷ ಮೊಮ್ಮಗಳ ಗಂಡನಿಗೆ ಕುರುಗೋಡಿನಲ್ಲಿ ಅಂಗಡಿ ಆಯಿತು. ಕೂಸನ್ನು ನೋಡಿಕೊಳ್ಳಲು ಆಪಾ ಅವರ ಜೊತೆಗೇ ಹೋದರು. ಕೂಗು ನಿಂತಿತು ಎಂದು ನನ್ನ ಮನಸ್ಸು ಹಗುರಾಯಿತೆನ್ನಬೇಕು. ಹಾಗೆ ಹಗುರಾದದ್ದು ಒಂದೇ ವಾರ. ಮುಂಗಾರು ಪೂರ್ವದ ಮೊದಲ ಮೋಡ ಎದ್ದ ದಿನ ಫೋನು ಬಂತು.

"ಅಕ್ಕಾ, ಇಲ್ಲಿ ಕರ್ರಗ ಆಗೇತಿ. ನಿಮ್ಮ ಕಡಿ ಬರಾಕತ್ತೈತಿ. ಹಪ್ಪಳ ಎತ್ರಿ."

ನಾವು ಮೂವತ್ತು ವರ್ಷ ಯಾವ ಕಡೆ ನೋಡಿ ಮಳೆ ಬರುತ್ತದೆ ಎನ್ನುತ್ತಿದ್ದೆವೋ, ಆ ಕಡೆಯೇ ಹೋಗಿ ನಿಂತು ಅವರು ನನಗೆ ಹೇಳುತ್ತಿದ್ದರು. ಎರಡು ಬೇಸಿಗೆ ಹೀಗೆ ನಡೆಯಿತು. ಎರಡನೆಯ ಬೇಸಿಗೆಗೆ ನನ್ನ ಮೊಣಕಾಲು ಪೂರ್ತಿ ಕೈಬಿಟ್ಟು, ಹಪ್ಪಳ ಹಾಕುವುದನ್ನೇ ನಿಲ್ಲಿಸಿದ್ದೆ. ಅದನ್ನೂ ಅವರಿಗೆ ಹೇಳಲಿಲ್ಲ. ಇಲ್ಲದ ಹಪ್ಪಳವನ್ನು ಎತ್ತಿದೆ ಅನ್ನುತ್ತಿದ್ದೆ.

ಈ ವರ್ಷ ಅಂಥದೇ ಒಂದು ಫೋನು ಮುಗಿಸಿ ಇಟ್ಟಾಗ ಸೊಸೆ ಎದುರಿಗೆ ಬಟ್ಟೆ ಮಡಚುತ್ತಿದ್ದಳು. ಆ ದಿನದ ವಿಷಯವನ್ನು ಅವಳು ಒಮ್ಮೆಯೂ ಎತ್ತಿದವಳಲ್ಲ.

"ಅತ್ತಿ," ಎಂದಳು, "ಎಷ್ಟ್ ದಿನ ಹಿಂಗ ಅಂತೀರಿ ಅವರಿಗೆ?"

ದನಿಯಲ್ಲಿ ಆಕ್ಷೇಪ ಇರಲಿಲ್ಲ. ಬರೀ ಕೇಳಿದಳು.

ಮರುದಿನ ಬೆಳಿಗ್ಗೆ ನಾನೇ ಕುರುಗೋಡಿಗೆ ಫೋನು ಮಾಡಿ ಎಲ್ಲ ಹೇಳಿದೆ. ಸಿರುಗುಪ್ಪದ ಪಡಸಾಲೆಯಲ್ಲಿ ಕೂತು ಕೆಂಪು ಗಡ್ಡೆ ನೋಡಿದ್ದು, ಇಪ್ಪತ್ತು ನಿಮಿಷ ಮೊದಲೇ ಗೊತ್ತಿದ್ದದ್ದು, ಸೊಸೆ ಎತ್ತಲೇ ಎಂದು ಕೇಳಿದ್ದು, ನಾನು ಬೇಡ ಎಂದದ್ದು. ಹೇಳುವಾಗ ಅತ್ತುಬಿಟ್ಟೆ. ತಪ್ಪಾಯಿತು ಎಂದೆ, ಎರಡು ಮೂರು ಸಲ ಎಂದೆ.

ಮುಗಿಸಿದ ಮೇಲೆ ಲೈನು ಕಟ್ಟಾಯಿತೇನೋ ಎಂದು ಫೋನು ತೆಗೆದು ನೋಡಿದೆ. ಇತ್ತು.

"ಗೊತ್ತಿತ್ತೇನ್ರಿ ನಿಮಗ?" ಅಂದರು ಆಪಾ. "ಕೀಲಿ ಹಾಕಿದ್ದೂ ಗೊತ್ತಿತ್ತೇನು?"

"ಗೊತ್ತಿತ್ತು ಆಪಾ."

"ಕೂಸು ಎದ್ದೈತಿ. ಇಡತೀನಿ."

ಅದಾದ ಮೇಲೆ ಎರಡು ಸಲ ಬಳ್ಳಾರಿಗೆ ಮಳೆ ಬಂದಿದೆ, ಎರಡೂ ಸಲ ಕುರುಗೋಡಿನ ಕಡೆಯಿಂದಲೇ. ಕುರುಗೋಡು ಹಸಿರಾದದ್ದು, ಹಳದಿಯಾದದ್ದು, ಕೆಂಪಾದದ್ದು ಎಲ್ಲ ನನಗೆ ಸ್ಕ್ರೀನಿನ ಮೇಲೆ ಕಂಡಿತು. ಫೋನು ಬರಲಿಲ್ಲ. ಹೇಳಬಾರದಿತ್ತು ಎಂದು ಒಂದೊಂದು ಸಲ ಅನ್ನಿಸುತ್ತದೆ. ಹೇಳಬೇಕಾದ ಇಪ್ಪತ್ತು ನಿಮಿಷ ಕಳೆದುಹೋದ ಮೇಲೆ ಯಾವಾಗ ಹೇಳಿದ್ದರೂ ಅದು ಬೇರೆಯದೇ ಮಾತು ಆಗುತ್ತಿತ್ತೇನೋ.

ಮೊನ್ನೆ ಮಧ್ಯಾಹ್ನ ಸುಮ್ಮನೆ ನಕ್ಷೆ ತೆರೆದೆ. ಹೊಸಪೇಟೆ ಕಡೆಯಿಂದ ಒಂದು ದೊಡ್ಡ ಕೆಂಪು ಕುರುಗೋಡಿನ ಹತ್ತಿರ ಸರಿಯುತ್ತಿತ್ತು. ಮೊದಲು ಅವರಿಗೆ, ಆಮೇಲೆ ನಮಗೆ. ಬೇಸಿಗೆ ಎಂದಮೇಲೆ ಅವರ ಮಾಳಿಗೆಯ ಮೇಲೆ ಏನಾದರೊಂದು ಹರವಿಯೇ ಇರುತ್ತದೆ. ಎರಡನೆಯ ಹೆಸರನ್ನು ಒತ್ತಿದೆ. ಬಹಳ ಹೊತ್ತು ರಿಂಗಾದ ಮೇಲೆ ಮೊಮ್ಮಗಳು ಎತ್ತಿದಳು.

"ನಿಮ್ಮ ಕಡಿ ಮಳಿ ಬರಾಕತ್ತೈತವ್ವಾ, ಜೋರ್ ಐತಿ. ಇನ್ನ ಕಾಲು ತಾಸಿನ್ಯಾಗ ಬರತೈತಿ. ನಿಮ್ಮಜ್ಜಿಗೆ ಹೇಳು," ಎಂದೆ.

ಅವಳು ಫೋನನ್ನು ಬದಿಗೆ ಹಿಡಿದು ಕೂಗಿ ಹೇಳಿದಳು. "ಬಳ್ಳಾರಿ ಅಜ್ಜಿ ಫೋನ್ ಮಾಡ್ಯಾರ, ಮಳಿ ಬರತೈತಂತ." ದೂರದಲ್ಲಿ ಪಾತ್ರೆ ಇಟ್ಟ ಸದ್ದಾಯಿತು. ಆಮೇಲೆ ಆಪಾ ದನಿ. ಸಿಟ್ಟು ಇರಲಿಲ್ಲ, ಓಣಿಯಲ್ಲಿ ಹೂವಿನವಳಿಗೆ ಇವತ್ತು ಬೇಡ ಎಂದು ಹೇಳುವಾಗಿನ ದನಿ.

"ಗೊತ್ತೈತಂತ ಹೇಳು."

ಆ ಹುಡುಗಿ ಫೋನನ್ನು ಮತ್ತೆ ಬಾಯಿಯ ಹತ್ತಿರ ತಂದು 'ಗೊತ್ತೈತಂತ್ರಿ' ಎಂದಳು. ನನಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳೇನೋ, ಇನ್ನೊಮ್ಮೆ ಬಿಡಿಸಿ ಹೇಳಿದಳು.